ಮುಚ್ಚಿಹೋಗುವ ಕೆಲಸ: ಹೈ ವೋಲ್ಟೇಜ್ ಸ್ವಿಚ್‌ಗೇರ್ ಅಳವಡಿಕೆಯಲ್ಲಿ ಸುರಕ್ಷತೆ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಇತಿಹಾಸವೋ ಇರುತ್ತದೆಂಬ ರೂಢಿ ನಮ್ಮಲ್ಲಿದೆ. ಈ ವರ್ಷ ಸಂಘಟಕರು ಕೈಕೆಲಸದ ಒಂದು ವಿಷಯವನ್ನು ಆರಿಸಿಕೊಂಡಿದ್ದಾರೆ. ಅದನ್ನು ಬಾತಿಯಲ್ಲಿ ನಿಂತು ಮಾತಾಡುವುದಕ್ಕೆ ಕಾರಣವೂ ಇದೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೆಯ ಪಿ.ಬಿ. ರಸ್ತೆಯಲ್ಲಿ ಕುಳಿತಿರುವ ಊರು ಇದು. ಒಂದು ಕಡೆ ಹತ್ತಿ ಗಿರಣಿಗಳಿಂದ ಹೆಸರಾದ ಪಟ್ಟಣ, ಇನ್ನೊಂದು ಕಡೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾದ ಪಟ್ಟಣ. ನಡುವೆ ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳು, ಅಕ್ಕಿ ಗಿರಣಿಗಳು, ಐಪಿ ಸೆಟ್ಟುಗಳು. ಈಚೆಗೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದ ಮೇಲೆ 25 ಕೆವಿ ತಂತಿಯೂ ಬಂತು. ಇಷ್ಟು ಚಿಕ್ಕ ಪಟ್ಟಿಯಲ್ಲಿ ಇಷ್ಟೊಂದು ವಿದ್ಯುತ್ ಓಡಾಡುವಾಗ, ಅದನ್ನು ತೆರೆದು ಮುಚ್ಚುವ ಪೆಟ್ಟಿಗೆಗಳೂ ಅಷ್ಟೇ ಸಂಖ್ಯೆಯಲ್ಲಿ ಕೂರುತ್ತಿವೆ.

ನಾನು ಇಂದು ಹೇಳಬೇಕೆಂದುಕೊಂಡಿರುವುದು ಮುಖ್ಯವಾಗಿ ಒಂದೇ ಮಾತು. ಸ್ವಿಚ್‌ಗೇರ್ ಎಷ್ಟು ಸುರಕ್ಷಿತ ಎನ್ನುವುದರ ದೊಡ್ಡ ಪಾಲು ಅದನ್ನು ಕೂರಿಸುವ ದಿನಗಳಲ್ಲೇ ನಿರ್ಧಾರವಾಗುತ್ತದೆ. ಹಾಗೆ ನಿರ್ಧಾರವಾಗುವ ಕೆಲಸವೆಲ್ಲ ಮಣ್ಣಿನಡಿ, ತಗಡಿನ ಹಿಂದೆ, ಟೇಪಿನ ಒಳಗೆ ಮುಚ್ಚಿಹೋಗುತ್ತದೆ. ಆಮೇಲೆ ಇಪ್ಪತ್ತೈದು ವರ್ಷ ಅದರ ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಮನುಷ್ಯನಿಗೆ ಅದು ಕಾಣುವುದಿಲ್ಲ. ಆದ್ದರಿಂದ ಮುಚ್ಚುವ ಮುನ್ನ ಇನ್ನೊಬ್ಬರ ಕಣ್ಣು ಬೀಳಬೇಕು. ಇದನ್ನು ಮೊದಲು ನೆಲದಡಿಯ ಕೆಲಸದಲ್ಲಿ, ಆಮೇಲೆ ಪೆಟ್ಟಿಗೆಯ ಒಳಗೆ, ನಂತರ ಪಕ್ಕದಲ್ಲಿ ಕರೆಂಟ್ ಹರಿಯುತ್ತಿರುವಾಗ ಮಾಡುವ ಕೆಲಸದಲ್ಲಿ, ಕೊನೆಗೆ ಚಾರ್ಜ್ ಮಾಡುವ, ಅಂದರೆ ಮೊದಲ ಸಲ ಕರೆಂಟ್ ಹರಿಸುವ, ದಿನದಲ್ಲಿ ನೋಡೋಣ.

ವಿಷಯಕ್ಕೆ ಹೋಗುವ ಮುನ್ನ ಸ್ವಲ್ಪ ಹಿನ್ನೆಲೆ. ಈ ನಾಡಿಗೆ ಹೈ ವೋಲ್ಟೇಜ್ ಹೊಸದಲ್ಲ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. 1940ರ ದಶಕದ ಕೊನೆಗೆ ಜೋಗ, ಆಮೇಲೆ ಶರಾವತಿ. 1957ರಲ್ಲಿ ವಿದ್ಯುತ್ ಮಂಡಳಿ ರಚನೆಯಾಯಿತು. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆ ಬೇರೆಯಾಗಿ ನಮ್ಮ ಜಿಲ್ಲೆ ಬೆಸ್ಕಾಂ ಪಾಲಿಗೆ ಬಂತು. ಜನ ಮಾತ್ರ ಇಂದಿಗೂ ಕೆಇಬಿ ಎಂದೇ ಕರೆಯುತ್ತಾರೆ. ಈ ನೂರಿಪ್ಪತ್ತು ವರ್ಷಗಳಲ್ಲಿ ಬ್ರೇಕರ್ ತುಂಬ ಬದಲಾಗಿದೆ. ಎಣ್ಣೆ ತುಂಬಿದ ತೊಟ್ಟಿಗಳು ಹೋಗಿ 11 ಕೆವಿಯಲ್ಲಿ ನಿರ್ವಾತದ ಬ್ರೇಕರ್, ನಾವು ವಿಸಿಬಿ ಎನ್ನುವುದು, ಬಂದಿದೆ. ಅದರ ಬಾಟಲಿಯೊಳಗೆ ಎರಡು ಸಂಪರ್ಕಗಳು ಸರಿಯುವ ಅಂತರ ಒಂದು ಸೆಂಟಿಮೀಟರಿನ ಆಸುಪಾಸು. ಅಷ್ಟು ಕಿರಿದಾದ ಜಾಗದಲ್ಲಿ ಸಾವಿರಾರು ಆಂಪಿಯರ್ ಆರಿಹೋಗುತ್ತದೆ. ಬ್ರೇಕರ್ ಕಾರ್ಖಾನೆಯಲ್ಲಿ ಪರೀಕ್ಷೆಯಾಗಿಯೇ ಬರುತ್ತದೆ. ಪರೀಕ್ಷೆಯಾಗದೆ ಉಳಿಯುವುದು ನಾವು ಇಲ್ಲಿ ಸೇರಿಸುವ ಭಾಗ.

ಈಗ ನೆಲದಡಿಯ ಕೆಲಸಕ್ಕೆ ಬರುತ್ತೇನೆ.

ಬಾತಿಯ ಸುತ್ತಲಿನ ನೆಲ ಒಂದೇ ಬಗೆಯದಲ್ಲ. ಗುಡ್ಡದ ಬುಡದಲ್ಲಿ ಕಲ್ಲು, ಅಲ್ಲಲ್ಲಿ ಕೆಂಪು ಮಸಬು, ಹರಿಹರದ ಕಡೆ ಇಳಿದಂತೆ ಎರೆ. ರೈತರಿಗೆ ಇದು ಗೊತ್ತು, ಬಾವಿ ತೆಗೆಯುವವರಿಗೆ ಗೊತ್ತು. ಅರ್ತಿಂಗ್ ಮಾಡುವವರು ಮಾತ್ರ ಎಲ್ಲ ಕಡೆಗೂ ಒಂದೇ ನಕ್ಷೆ ಹಿಡಿದು ಹೋಗುತ್ತಾರೆ. ಎರೆಮಣ್ಣು ಒದ್ದೆಯಿರುವಾಗ ವಿದ್ಯುತ್ತನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ನಾಲೆಗೆ ನೀರು ಬಿಟ್ಟ ತಿಂಗಳಲ್ಲಿ ಅಳೆದರೆ ಅರ್ತ್ ಪಿಟ್ಟಿನ ರೋಧ ಒಂದು ಓಮಿಗಿಂತ ಕಡಿಮೆ ಬಂದು ಎಲ್ಲರಿಗೂ ಸಮಾಧಾನವಾಗುತ್ತದೆ. ಏಪ್ರಿಲಿನಲ್ಲಿ ಅದೇ ಮಣ್ಣು ಬಿರಿಯುತ್ತದೆ. ಕೈ ತೂರುವಷ್ಟು ಬಿರುಕು ಬಿದ್ದಾಗ ಮಣ್ಣು ಪೈಪಿನ ಮೈಬಿಟ್ಟು ದೂರ ಸರಿಯುತ್ತದೆ. ಕಬ್ಬಿಣ ಅಲ್ಲೇ ಇದೆ, ನೆಲ ಅಲ್ಲೇ ಇದೆ, ಎರಡರ ನಡುವೆ ಗಾಳಿ. ಆ ದಿನ ಅಳೆದರೆ ಬರುವ ಅಂಕಿಯೇ ಬೇರೆ. ಕಾಗದದ ಮೇಲೆ ಉಳಿಯುವುದು ಮಾತ್ರ ಮಳೆಗಾಲದ ಅಂಕಿ.

ಹೀಗಾಗಬಾರದೆಂದರೆ ಗುಂಡಿ ತೆಗೆಯುವ ಮುನ್ನವೇ ಮಣ್ಣಿನ ರೋಧ ಅಳೆದು, ಬೇಸಿಗೆಯ ಸ್ಥಿತಿಗೆ ಲೆಕ್ಕ ಹಾಕಬೇಕು. ಭಾರತೀಯ ಮಾನಕ 3043 ಅರ್ತಿಂಗಿನ ವಿಧಾನವನ್ನು ವಿವರವಾಗಿ ಹೇಳುತ್ತದೆ. ಪೈಪಾದರೆ ಕನಿಷ್ಠ ಎರಡೂವರೆ ಮೀಟರ್ ಆಳ ಎಂದಿದೆ. ನಮ್ಮ ಎರೆಯಲ್ಲಿ ಬಿರುಕಿನ ಪದರ ದಾಟಿ ತೇವ ಉಳಿಯುವ ಪದರದವರೆಗೆ ಇಳಿಯುವುದು ಒಳ್ಳೆಯದು. ಪ್ರತಿ ಪೆಟ್ಟಿಗೆಯ ಮೈಗೆ ಎರಡು ಪ್ರತ್ಯೇಕ ಅರ್ತ್ ಸಂಪರ್ಕ ಇರಬೇಕೆಂಬುದು ಬಹಳ ಹಳೆಯ ನಿಯಮ. ಎರಡು ಪಟ್ಟಿ ಎಳೆದು ಎರಡನ್ನೂ ಒಂದೇ ಬೋಲ್ಟಿಗೆ ಸೇರಿಸಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆ ಒಂದು ಬೋಲ್ಟ್ ತುಕ್ಕು ಹಿಡಿದರೆ ಎರಡು ಪಟ್ಟಿಗಳೂ ಇದ್ದೂ ಇಲ್ಲದಂತೆ. ಜಿಐ ಪಟ್ಟಿಯ ಬೆಸುಗೆಗೆ ಬಿಟುಮೆನ್ ಬಳಿಯುವ ಮುನ್ನವೇ ಅದರ ಫೋಟೊ ತೆಗೆದಿಡಬೇಕು. ಮಣ್ಣು ಎಳೆದ ಮೇಲೆ ಬೆಸುಗೆ ಹಾಕಿದ್ದೋ ತಂತಿ ಸುತ್ತಿದ್ದೋ ಹೇಳುವವರು ಯಾರೂ ಇರುವುದಿಲ್ಲ.

ಯಾರ್ಡಿನಲ್ಲಿ ಹಾಸುವ ಜಲ್ಲಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕಳೆ ಬೆಳೆಯದಿರಲಿ, ನೋಡಲು ಚೆನ್ನಾಗಿರಲಿ ಎಂದು ಹಾಸಿದ್ದೆಂದು ಬಹಳ ಜನ ತಿಳಿದಿದ್ದಾರೆ. ದೋಷದ ಕರೆಂಟ್ ನೆಲಕ್ಕೆ ಇಳಿದ ಗಳಿಗೆಯಲ್ಲಿ ನೆಲವೇ ವೋಲ್ಟೇಜ್ ಏರಿಸಿಕೊಳ್ಳುತ್ತದೆ. ಒಂದು ಹೆಜ್ಜೆಯ ಅಂತರದಲ್ಲಿ ಎರಡು ಪಾದಗಳ ನಡುವೆ ನೂರಾರು ವೋಲ್ಟ್ ವ್ಯತ್ಯಾಸ ಬರಬಹುದು. ಜಲ್ಲಿ ಆ ಕರೆಂಟು ಪಾದಕ್ಕೆ ಹತ್ತದಂತೆ ತಡೆಯುವ ಪದರ. ತಂತಿ ಬಿದ್ದ ಹೊಲದಲ್ಲಿ ಮನುಷ್ಯ ಬದುಕಿ ಎತ್ತು ಸತ್ತ ಪ್ರಸಂಗಗಳನ್ನು ನೀವು ಕೇಳಿರುತ್ತೀರಿ. ಎತ್ತಿನ ಮುಂಗಾಲು ಹಿಂಗಾಲುಗಳ ಅಂತರ ನಮ್ಮ ಹೆಜ್ಜೆಗಿಂತ ಹೆಚ್ಚು, ಕರೆಂಟಿನ ದಾರಿ ಎದೆಯ ಮೂಲಕ ಹೋಗುತ್ತದೆ. ಕಾರಣ ಇಷ್ಟೇ. ಹತ್ತು ಹದಿನೈದು ಸೆಂಟಿಮೀಟರ್ ಜಲ್ಲಿಯಲ್ಲಿ ಅರ್ಧ ಉಳಿಸಿ ಕೆಳಗೆ ಮಣ್ಣು ತುಂಬಿದರೆ ಉಳಿಯುವ ಹಣ ಬಹಳ ಸಣ್ಣದು.

ಇನ್ನು ಜನ ಕೈಯಿಂದ ಮುಟ್ಟುವ ಲೋಹದ ಮಾತು. 2023ರ ಜುಲೈ 19ರಂದು ಉತ್ತರಾಖಂಡದ ಚಮೋಲಿಯಲ್ಲಿ, ಅಲಕನಂದಾ ದಂಡೆಯ ಒಳಚರಂಡಿ ಶುದ್ಧೀಕರಣ ಘಟಕದಲ್ಲಿ, ಕಬ್ಬಿಣದ ಕಟಕಟೆಗೆ ವಿದ್ಯುತ್ ಹರಿದು ಹದಿನಾರು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹಲವರು ವಿದ್ಯುತ್ ಕೆಲಸಕ್ಕೆ ಸಂಬಂಧವೇ ಇಲ್ಲದವರು. ಕಟಕಟೆ, ಏಣಿ, ಟ್ರೆಂಚಿನ ಮುಚ್ಚಳ, ಬೇಲಿಯ ಗೇಟು: ಮನುಷ್ಯ ಕೈಯಿಡುವ ಲೋಹವೆಲ್ಲ ಅರ್ತಿಗೆ ಸೇರಿರಬೇಕು. ಅರ್ತಿಂಗನ್ನು ಯಂತ್ರಕ್ಕೆ ಮಾಡುವ ಉಪಚಾರವೆಂದು ತಿಳಿಯುವುದನ್ನು ನಾವು ಬಿಡಬೇಕು.

ನೆಲದಿಂದ ಮೇಲೆದ್ದು ಈಗ ಪೆಟ್ಟಿಗೆಯ ಒಳಗೆ ಹೋಗೋಣ. ನನ್ನ ಮಾತಿನಲ್ಲಿ ಹೆಚ್ಚು ಸಮಯ ತೆಗೆದುಕೊಳ್ಳುವ ಭಾಗ ಇದು.

ಪ್ಯಾನೆಲ್ ಕೂರಿಸುವ ಚಾನೆಲ್ ಸ್ಪಿರಿಟ್ ಲೆವೆಲ್ಲಿನಲ್ಲಿ ಸರಿಯಾಗಿರಬೇಕು ಎನ್ನುವುದು ಮೊದಲ ಪಾಠ. ಕೆಲವೇ ಮಿಲಿಮೀಟರ್ ಏರುಪೇರಾದರೂ ಐದಾರು ಪ್ಯಾನೆಲ್ ಸಾಲಾಗಿ ನಿಂತಾಗ ಬಸ್‌ಬಾರಿನ ರಂಧ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಆಗ ಸನ್ನೆಗೋಲಿನಿಂದ ಎಳೆದು ಬೋಲ್ಟ್ ತೂರಿಸುತ್ತಾರೆ. ಆ ಎಳೆತ ಇನ್ಸುಲೇಟರಿನ ಮೇಲೆ ಕೂತಿರುತ್ತದೆ. ಬ್ರೇಕರ್ ಪ್ರತಿಸಲ ಬಡಿದು ತೆರೆದಾಗಲೂ ಅದು ನಡುಗುತ್ತದೆ, ವರ್ಷಗಳ ನಂತರ ಸೀಳುತ್ತದೆ. ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಿಂದಲೇ ತಿರುಗಿಸಿ, ಬೋಲ್ಟಿನ ತಲೆಯಿಂದ ಬಾರಿನವರೆಗೆ ಬಣ್ಣದ ಗೆರೆ ಎಳೆಯುವುದು ಒಳ್ಳೆಯ ಪದ್ಧತಿ. ಆಮೇಲೆ ಸಡಿಲವಾದರೆ ಗೆರೆ ಮುರಿದು ತಾನೇ ಹೇಳುತ್ತದೆ. ಕೈ ಅಂದಾಜಿನಲ್ಲಿ ಪಳಗಿದ ಹಿರಿಯ ಫಿಟ್ಟರುಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಈ ವಿಷಯದಲ್ಲಿ ಉಪಕರಣದ ಮಾತನ್ನೇ ಕೇಳಬೇಕು.

ಪ್ಯಾನೆಲಿನ ಸುತ್ತ ಬಿಡುವ ಜಾಗದ ಬಗ್ಗೆ ಒಂದು ನಿಯಮವಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದದ್ದು ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿಗೂ ಬಂತು. ಮುಂದೆ ಕನಿಷ್ಠ 1 ಮೀಟರ್ ಜಾಗ. ಹಿಂದೆ 20 ಸೆಂಟಿಮೀಟರಿಗಿಂತ ಕಡಿಮೆ, ಇಲ್ಲವೇ 75 ಸೆಂಟಿಮೀಟರಿಗಿಂತ ಹೆಚ್ಚು. ಮೊದಲ ಸಲ ಓದಿದಾಗ ವಿಚಿತ್ರವೆನಿಸುತ್ತದೆ. ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಮನುಷ್ಯ ಒಳಗೆ ತೂರಲಾರ. ಎಪ್ಪತ್ತೈದು ದಾಟಿದರೆ ಆರಾಮಾಗಿ ಹೋಗಿ ಬರಬಲ್ಲ. ನಡುವಿನ ಅಂತರದಲ್ಲಿ ತೂರಿಕೊಂಡವನು ಸಿಕ್ಕಿಹಾಕಿಕೊಳ್ಳುತ್ತಾನೆ, ಏನಾದರೂ ಆದರೆ ಓಡಲಾರ. ನಿಯಮ ಬರೆದವರು ಮನುಷ್ಯನ ಮೈಯಳತೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದಾರೆ. ಅಕ್ಕಿ ಮೂಟೆ ಇಡಲು ಜಾಗ ಬೇಕೆಂದು ಪ್ಯಾನೆಲನ್ನು ಗೋಡೆಯತ್ತ ಒಂದು ಅಡಿ ತಳ್ಳುವಾಗ ಇದನ್ನು ನೆನೆಯಬೇಕು.

ಪ್ಯಾನೆಲಿನ ತಲೆಯ ಮೇಲಿನ ಜಾಗವೂ ಅಷ್ಟೇ ಮುಖ್ಯ. ಒಳಗೆ ಆರ್ಕ್ ಹೊತ್ತಿದರೆ ಅದರ ಉಷ್ಣತೆ 20,000 ಡಿಗ್ರಿಯ ಆಸುಪಾಸಿಗೆ ಏರಬಲ್ಲದು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ. ತಾಮ್ರ ಕರಗುವುದಲ್ಲದೆ ಆವಿಯಾಗಿ ಹಿಗ್ಗುತ್ತದೆ, ಕ್ಷಣಾರ್ಧದಲ್ಲಿ ಒತ್ತಡ ಏರುತ್ತದೆ. ಅಮೆರಿಕದ ಎಂಜಿನಿಯರ್ ರಾಲ್ಫ್ ಲೀ 1982ರಲ್ಲಿ ಪ್ರಕಟಿಸಿದ ಪ್ರಬಂಧ, ಶಾಕ್ ಹೊಡೆಯದೆಯೂ ಕರೆಂಟ್ ಮನುಷ್ಯನನ್ನು ಸುಟ್ಟು ಕೊಲ್ಲಬಲ್ಲದೆಂಬುದರ ಕಡೆಗೆ ಜಗತ್ತಿನ ಗಮನ ಸೆಳೆಯಿತು. ಇಂದಿನ ಒಳ್ಳೆಯ ಪ್ಯಾನೆಲುಗಳ ಮೇಲ್ಭಾಗದಲ್ಲಿ ಆ ಒತ್ತಡ ಮೇಲಕ್ಕೆ ಹೊರಹೋಗಲೆಂದು ಮುಚ್ಚಳಗಳಿರುತ್ತವೆ. ಎದುರು ನಿಂತವನ ಮುಖಕ್ಕೆ ಬರಬೇಕಾದ ಬೆಂಕಿಯನ್ನು ಸೂರಿನತ್ತ ತಿರುಗಿಸುವ ವ್ಯವಸ್ಥೆ ಅದು. ನಮ್ಮ ಗಿರಣಿಗಳ ತಗ್ಗು ಸೂರಿನ ಕೋಣೆಗಳಲ್ಲಿ ಆ ಮುಚ್ಚಳಗಳ ಮೇಲೆಯೇ ಕೇಬಲ್ ಟ್ರೇ ಹಾಯಿಸುತ್ತಾರೆ, ಇಲ್ಲವೇ ಸಾಗಾಣಿಕೆಗೆಂದು ಹಾಕಿದ ಬೋಲ್ಟುಗಳನ್ನು ತೆಗೆಯದೇ ಬಿಡುತ್ತಾರೆ. ಆಗ ಆ ವ್ಯವಸ್ಥೆ ಇದ್ದೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಕೇಬಲಿನ ತುದಿ. 11 ಕೆವಿ ಕೇಬಲಿನ ಒಳಗೆ ಬಿಳಿಯ ಇನ್ಸುಲೇಷನ್, ಅದರ ಮೇಲೆ ಕಪ್ಪಗಿನ ಅರೆವಾಹಕ ಪದರ, ಆಮೇಲೆ ತಾಮ್ರದ ಪಟ್ಟಿ. ತುದಿ ಕಟ್ಟುವಾಗ ಕಪ್ಪು ಪದರವನ್ನು ನಿಗದಿತ ಉದ್ದಕ್ಕೆ ಸುಲಿಯಬೇಕು. ಸುಲಿಯುವ ಚಾಕು ಬಿಳಿಯ ಮೈಗೆ ತಾಗಬಾರದು. ಒಮ್ಮೆ ಒಂದು ಗಿರಣಿಯಲ್ಲಿ, ಅದರ ಹೆಸರು ಬೇಡ, ಸಿಡಿದ ತುದಿಯನ್ನು ಕೊಯ್ದು ತೆರೆಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಸುಟ್ಟ ಭಾಗದಿಂದ ಎರಡು ಬೆರಳು ದೂರದಲ್ಲಿ, ಬಿಳಿಯ ಮೈಯ ಸುತ್ತ ಉಂಗುರದಂತೆ ಒಂದು ಗೆರೆ. ಉಗುರು ಆಡಿಸಿದರೆ ಮಾತ್ರ ತಿಳಿಯುವಷ್ಟು ಆಳ. ಆ ಗೆರೆಯಲ್ಲಿ ಸಿಕ್ಕಿಕೊಂಡ ಗಾಳಿ ತಿಂಗಳುಗಟ್ಟಲೆ ಸಣ್ಣಗೆ ಕಿಡಿಯಾಡಿ, ಇನ್ಸುಲೇಷನ್ನನ್ನು ಒಳಗಿಂದೊಳಗೆ ತಿಂದಿತ್ತು. ತುದಿ ಕಟ್ಟಿದವನು ಆ ಹೊತ್ತಿಗೆ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದ. ಅವನಿಗೆ ಇದು ತಿಳಿದೇ ಇರಲಿಕ್ಕಿಲ್ಲ. ಹೀಟ್‌ಶ್ರಿಂಕ್ ಕೊಳವೆ ಏರಿಸುವ ಮುನ್ನ ಒಂದು ನಿಮಿಷ ಯಾರಾದರೂ ಬೆಳಕು ಹಿಡಿದು ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ತುದಿ ಕಟ್ಟುವ ಕೆಲಸವನ್ನು ಭತ್ತದ ಹೊಟ್ಟು ಹಾರುವ ಹೊತ್ತಿನಲ್ಲಿ, ಮಂಡಕ್ಕಿ ಭಟ್ಟಿಯ ಹೊಗೆ ಬೀಳುವ ಕಡೆ ಬಯಲಲ್ಲಿ ಮಾಡುವುದೂ ಬೇಡ. ಸುತ್ತ ಪರದೆ ಕಟ್ಟಿ, ಕೈ ತೊಳೆದು, ಒಂದೇ ಸಲ ಕೂತು ಮುಗಿಸಬೇಕಾದ ಕೆಲಸ ಅದು.

ಕೇಬಲ್ ಒಳಬರುವ ಜಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅರ್ತ್ ದೋಷ ಪತ್ತೆಹಚ್ಚಲು ಕೇಬಲಿನ ಸುತ್ತ ಉಂಗುರದಂಥ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಕೂರಿಸುತ್ತೇವೆ. ಕೇಬಲಿನ ತಾಮ್ರದ ಪಟ್ಟಿಯೂ ಉಂಗುರದೊಳಗೇ ಹಾದುಬಂದಿರುತ್ತದೆ. ಅದಕ್ಕೆ ಸೇರಿಸಿದ ಅರ್ತ್ ತಂತಿಯನ್ನು ಮತ್ತೆ ಅದೇ ಉಂಗುರದೊಳಗಿಂದ ವಾಪಸ್ ತಂದು ಅರ್ತಿಗೆ ಕಟ್ಟಬೇಕು. ಹಾಗೆ ಮಾಡಿದರೆ ಹೋದದ್ದೂ ಬಂದದ್ದೂ ಕಳೆದು, ನಿಜವಾದ ದೋಷದ ಕರೆಂಟ್ ಮಾತ್ರ ಉಂಗುರಕ್ಕೆ ಕಾಣುತ್ತದೆ. ನೇರವಾಗಿ ಅರ್ತಿಗೆ ಕಟ್ಟಿಬಿಟ್ಟರೆ ಕೇಬಲಿನ ದೋಷ ಉಂಗುರದ ಕಣ್ಣು ತಪ್ಪಿಸಬಹುದು. ಹೊರಗಿನಿಂದ ನೋಡಿದರೆ ಎರಡೂ ಅಚ್ಚುಕಟ್ಟಾಗಿಯೇ ಕಾಣುತ್ತವೆ. ವಿದ್ಯಾರ್ಥಿಗಳು ಇದನ್ನು ಬೋರ್ಡಿನ ಮೇಲೆ ಬಿಡಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಗ್ಲ್ಯಾಂಡ್ ಪ್ಲೇಟಿನ ಉಳಿದ ರಂಧ್ರಗಳನ್ನು ಮುಚ್ಚುವುದು ಯಾರಿಗೂ ದೊಡ್ಡ ಕೆಲಸವೆನಿಸುವುದಿಲ್ಲ. ಗದ್ದೆಯ ಪಕ್ಕದ ಸ್ಟೇಷನ್ನಿನಲ್ಲಿ ಅದು ದೊಡ್ಡ ಕೆಲಸವೇ. ಟ್ರೆಂಚಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ಬೆಚ್ಚಗಿನ ಬಸ್‌ಬಾರ್ ಕೋಣೆ ಎರಡಕ್ಕೂ ಹಿತ. ಬೆಂಕಿಯ ದೃಷ್ಟಿಯಿಂದಲೂ ಈ ರಂಧ್ರಗಳು ಅಪಾಯ. 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲಿ ಕೇಬಲುಗಳಿಗೆ ಬೆಂಕಿ ಹತ್ತಿ ಹತ್ತೂ ಘಟಕಗಳು ನಿಂತವು. ರಾಜ್ಯಕ್ಕೆ 1,035 ಮೆಗಾವ್ಯಾಟ್ ಒಮ್ಮೆಲೇ ಕೈತಪ್ಪಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. 2020ರ ಆಗಸ್ಟ್ 20ರ ರಾತ್ರಿ ಶ್ರೀಶೈಲದ ಎಡದಂಡೆಯ ಭೂಗತ ವಿದ್ಯುದಾಗಾರದಲ್ಲಿ ಬೆಂಕಿ ಬಿದ್ದಾಗ ಹೊಗೆಯಲ್ಲಿ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ಕೇಬಲ್ ದಾಟುವ ಪ್ರತಿ ಗೋಡೆಯನ್ನೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚುವುದು, ಕೋಣೆಗೆ ಎರಡನೆಯ ಬಾಗಿಲು ಇಡುವುದು, ಆ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡುವುದು: ಇವು ಗಾರೆ ಕೆಲಸದ ಹಂತದಲ್ಲೇ ಆಗಬೇಕು.

ಎಸ್‌ಎಫ್6 ಅನಿಲದ ರಿಂಗ್ ಮೇನ್ ಯೂನಿಟ್ಟುಗಳೂ ಈಗ ನಗರಗಳ ರಸ್ತೆ ಬದಿಯಲ್ಲಿ ಕಾಣುತ್ತವೆ. ಆ ಅನಿಲ ಗಾಳಿಗಿಂತ ಐದು ಪಟ್ಟು ಭಾರ, ಸೋರಿದರೆ ಟ್ರೆಂಚಿನಲ್ಲಿ ತಂಗುತ್ತದೆ. ಅಲ್ಲಿಗೆ ಇಳಿದವನಿಗೆ ಉಸಿರಿಗೆ ಗಾಳಿ ಇರುವುದಿಲ್ಲ. ವಾತಾವರಣಕ್ಕೂ ಅದು ಇಂಗಾಲದ ಡೈಆಕ್ಸೈಡಿನ ಸುಮಾರು 23,500 ಪಟ್ಟು ಭಾರವಾದ ಹೊರೆ. ಐರೋಪ್ಯ ಒಕ್ಕೂಟ 24 ಕೆವಿವರೆಗಿನ ಹೊಸ ಸ್ವಿಚ್‌ಗೇರಿನಲ್ಲಿ ಅಂಥ ಅನಿಲಗಳ ಬಳಕೆಗೆ 2026ರಿಂದ ತಡೆ ಹಾಕಿದೆ.

ಈಗ ಮೂರನೆಯ ವಿಷಯ. ಇಷ್ಟರವರೆಗೆ ನಾನು ಹೇಳಿದ್ದು ಹೊಸ ಜಾಗದಲ್ಲಿ ಹೊಸ ಪೆಟ್ಟಿಗೆ ಕೂರಿಸುವ ಮಾತು. ವಾಸ್ತವದಲ್ಲಿ ಅಂಥ ಅದೃಷ್ಟ ಕಡಿಮೆ. ಇರುವ ಬೋರ್ಡಿಗೆ ಇನ್ನೊಂದು ಪ್ಯಾನೆಲ್ ಸೇರಿಸುವುದು, ಹಳೆಯದನ್ನು ಕಿತ್ತು ಹೊಸದು ಇಡುವುದು, ಅದೂ ಗಿರಣಿ ನಿಲ್ಲದಂತೆ. ಪಕ್ಕದ ಪ್ಯಾನೆಲ್ ಜೀವಂತವಾಗಿರುತ್ತದೆ.

ಇಲ್ಲಿ ನಮ್ಮನ್ನು ಕಾಯುವುದು ಲೈನ್ ಕ್ಲಿಯರ್, ಅಂದರೆ ಲೈನನ್ನು ಬಂದ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ. ಪವರ್‌ಮ್ಯಾನ್ ಬಂಧುಗಳಿಗೆ ನಾನು ಹೇಳಿಕೊಡಬೇಕಾದ್ದಿಲ್ಲ, ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಬ್ರೇಕರ್ ತೆಗೆದು ಅದನ್ನು ಹೊರಗೆಳೆಯಬೇಕು, ಜಿಓಎಸ್ (ಗ್ಯಾಂಗ್ ಆಪರೇಟೆಡ್ ಸ್ವಿಚ್) ತೆರೆದು ಮೂರು ಫೇಸಿನ ಬ್ಲೇಡುಗಳೂ ನಿಜವಾಗಿ ಬೇರೆಯಾದದ್ದನ್ನು ಕಣ್ಣಾರೆ ನೋಡಬೇಕು. ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನ ಜೇಬಿಗೆ ಕೊಡಬೇಕು. ಎರಡು ಗ್ಯಾಂಗ್ ಇದ್ದರೆ ಎರಡು ಬೀಗ. ವೋಲ್ಟೇಜ್ ಇಲ್ಲವೆಂದು ಡಿಟೆಕ್ಟರಿನಿಂದ ಖಚಿತಪಡಿಸಬೇಕು. ಡಿಟೆಕ್ಟರನ್ನೇ ಮೊದಲು ಕರೆಂಟ್ ಇರುವ ಕಡೆ ಹಿಡಿದು ನೋಡಿ, ಕೆಲಸದ ಜಾಗದಲ್ಲಿ ಹಿಡಿದು, ಮತ್ತೆ ಕರೆಂಟ್ ಇರುವ ಕಡೆ ಹಿಡಿದು ನೋಡಬೇಕು. ಬ್ಯಾಟರಿ ಸತ್ತ ಡಿಟೆಕ್ಟರ್ ಎಲ್ಲ ತಂತಿಯನ್ನೂ ಸತ್ತದ್ದೆಂದೇ ಹೇಳುತ್ತದೆ. ಆಮೇಲೆ ಅರ್ತ್ ಮಾಡಬೇಕು, ಕೆಲಸದ ಜಾಗದ ಎರಡೂ ಬದಿಗೆ. ಕೊನೆಗೆ ಪಕ್ಕದ ಜೀವಂತ ಭಾಗಕ್ಕೆ ಅಡ್ಡ ತಡಿಕೆ ಕಟ್ಟಬೇಕು.

ಎರಡೂ ಬದಿಗೆ ಎಂದು ಒತ್ತಿ ಹೇಳುವುದಕ್ಕೆ ನಮ್ಮ ಊರಿನಲ್ಲೇ ಕಾರಣವಿದೆ. ಸಾಲು ಗಿರಣಿಗಳಲ್ಲಿ ಡೀಸೆಲ್ ಜನರೇಟರುಗಳಿವೆ, ಚಾವಣಿಯ ಮೇಲೆ ಸೋಲಾರ್ ಬಂದಿದೆ. ಚೇಂಜ್‌ಓವರ್ ಸ್ವಿಚ್ಚಿನ ಬದಲು ಯಾವುದೋ ತಾತ್ಕಾಲಿಕ ತಂತಿ ಹಾಕಿಕೊಂಡ ಒಂದು ಗಿರಣಿ ಸಾಕು. ಜನರೇಟರಿನ 415 ವೋಲ್ಟ್ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೂಲಕ ಹಿಂದಕ್ಕೆ ಏರಿ 11,000 ಆಗಿ ಲೈನಿಗೆ ಬರುತ್ತದೆ. ಸಬ್‌ಸ್ಟೇಷನ್ ಕಡೆ ಎಲ್ಲವನ್ನೂ ತೆರೆದು ಅರ್ತ್ ಮಾಡಿದ ಮನುಷ್ಯನಿಗೆ ಸಾವು ಗಿರಣಿಯ ಕಡೆಯಿಂದ ಬರುತ್ತದೆ. ಗಿರಣಿ ಮಾಲೀಕರು ಈ ಸಭೆಯಲ್ಲಿದ್ದೀರಿ. ಬಾಯಿಮಾತಿನ ಭರವಸೆ ಈ ವಿಷಯದಲ್ಲಿ ಸಾಲದು. ಯಾಂತ್ರಿಕವಾಗಿ ಒಂದನ್ನು ತೆಗೆಯದೆ ಇನ್ನೊಂದು ಹಾಕಲಾಗದ ಇಂಟರ್‌ಲಾಕ್ ಇರಬೇಕು. ಪವರ್ ಫ್ಯಾಕ್ಟರಿಗೆಂದು ಇಟ್ಟ ಕೆಪಾಸಿಟರುಗಳನ್ನೂ ಡಿಸ್ಚಾರ್ಜ್ ರಾಡು ಮುಟ್ಟಿಸದೆ ಕೈಯಿಂದ ಮುಟ್ಟಬಾರದು.

ಫೋನಿನಲ್ಲಿ ಲೈನ್ ಕ್ಲಿಯರ್ ತೆಗೆದುಕೊಳ್ಳುವ ಪದ್ಧತಿ ಬೇಗ ಕೆಲಸ ಮುಗಿಸುವ ಒಳ್ಳೆಯ ಉದ್ದೇಶದಿಂದಲೇ ಬೆಳೆದದ್ದು. ಆದರೆ ಫೀಡರುಗಳ ಹೆಸರುಗಳು ಒಂದನ್ನೊಂದು ಹೋಲುತ್ತವೆ. ಹಳೇಬಾತಿ, ದೊಡ್ಡಬಾತಿ ಎಂಬೆರಡು ಹೆಸರುಗಳನ್ನು ಗಾಳಿಯಲ್ಲಿ, ಗಿರಣಿಯ ಸದ್ದಿನಲ್ಲಿ, ಮುರಿದ ಸಿಗ್ನಲಿನಲ್ಲಿ ಕೇಳಿಸಿಕೊಂಡು ನೋಡಿ. ಫೀಡರಿನ ಸಂಖ್ಯೆ, ಕಂಬದ ಸಂಖ್ಯೆ ಹೇಳಿ, ಕೇಳಿಸಿಕೊಂಡವನಿಂದ ಮತ್ತೆ ಹೇಳಿಸಿ, ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಲು ಎರಡು ನಿಮಿಷ ಹಿಡಿಯುತ್ತದೆ. ಗುತ್ತಿಗೆ ಕೆಲಸಕ್ಕೆ ಹೊರರಾಜ್ಯದ ಹುಡುಗರು ಬಂದಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ, ಯಾವುದು ಸತ್ತಿದೆ ಯಾವುದು ಬದುಕಿದೆ ಎಂದು ಬೆರಳು ಮಾಡಿ ತೋರಿಸಿದ ಮೇಲೆಯೇ ಕೆಲಸ ಶುರುವಾಗಬೇಕು. ದಿನಗೂಲಿಗೆ ಬಂದವನ ಜೀವಕ್ಕೂ ಎಕ್ಸಿಕ್ಯುಟಿವ್ ಎಂಜಿನಿಯರರ ಜೀವಕ್ಕೂ ನಡುವೆ 11 ಕೆವಿ ಭೇದ ಮಾಡುವುದಿಲ್ಲ. ನಾವೂ ಮಾಡಬಾರದು.

ಕೊನೆಯ ವಿಷಯಕ್ಕೆ ಬಂದಿದ್ದೇನೆ: ಚಾರ್ಜ್ ಮಾಡುವ ದಿನ.

11 ಕೆವಿ ಪ್ಯಾನೆಲನ್ನು ಕಾರ್ಖಾನೆಯಲ್ಲಿ 28 ಕೆವಿಯಲ್ಲಿ ಒಂದು ನಿಮಿಷ ಪರೀಕ್ಷಿಸಿರುತ್ತಾರೆ. ಕೂರಿಸಿದ ಮೇಲೆ ಅದರ ನೂರಕ್ಕೆ ಎಂಬತ್ತರಷ್ಟು, ಅಂದರೆ 22.4 ಕೆವಿಯಲ್ಲಿ, ಮತ್ತೆ ನೋಡುವುದು ರೂಢಿ. ಅದಕ್ಕೆ ಮುಂಚೆ 5 ಕೆವಿ ಮೆಗ್ಗರಿನಿಂದ ಇನ್ಸುಲೇಷನ್ ಪರೀಕ್ಷೆ. ಜೋಡಣೆಗಳ ರೋಧವನ್ನು ಮೈಕ್ರೋ ಓಮಿನಲ್ಲಿ ಅಳೆಯಬೇಕು. ಸಿಟಿಯ ಸೆಕೆಂಡರಿ ಎಲ್ಲಿಯೂ ತೆರೆದಿಲ್ಲವೆಂದು ಖಾತ್ರಿಯಾಗಬೇಕು, ತೆರೆದಿದ್ದರೆ ಆ ಸಣ್ಣ ತಂತಿಯ ತುದಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಇವೆಲ್ಲ ಬಹುಮಟ್ಟಿಗೆ ಆಗುತ್ತವೆ. ಬಿಟ್ಟುಹೋಗುವುದು ದೋಷ ಕಂಡಾಗ ಬ್ರೇಕರಿಗೆ ತೆರೆಯಲು ಹೇಳುವ ರಿಲೇಯ ಪರೀಕ್ಷೆ. ರಿಲೇಗೆ ಕರೆಂಟ್ ಕೊಟ್ಟು ಅದರ ದೀಪ ಹತ್ತಿದ್ದನ್ನು ನೋಡಿ ಸರಿ ಎಂದು ಬರೆಯುತ್ತಾರೆ. ದೀಪ ಹತ್ತಿದರೆ ಸಾಲದು, ಬ್ರೇಕರ್ ಬಡಿದು ತೆರೆಯಬೇಕು. ತೆರೆಯುವುದಕ್ಕೆ ಬಲ ಕೊಡುವುದು ಬ್ಯಾಟರಿ. ಚಾರ್ಜರನ್ನು ಬಂದ್ ಮಾಡಿ ಬರೀ ಬ್ಯಾಟರಿಯ ಮೇಲೆ ಟ್ರಿಪ್ ಮಾಡಿ ನೋಡದಿದ್ದರೆ ಪರೀಕ್ಷೆ ಪೂರ್ತಿಯಾಗಲಿಲ್ಲ. ದೋಷ ಬಂದಾಗ ಸ್ಟೇಷನ್ನಿನ ಎಸಿ ಸರಬರಾಜು ಕುಸಿದಿರುತ್ತದೆ, ಆಗ ಉಳಿಯುವುದು ಬ್ಯಾಟರಿಯೊಂದೇ.

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಬಳಿ, ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ 11 ಕೆವಿ ತಂತಿ ತುಳಿದು ಯುವತಾಯಿ ಮತ್ತು ಆಕೆಯ ಒಂಬತ್ತು ತಿಂಗಳ ಮಗು ತೀರಿಕೊಂಡರು. ಅಂಥ ಸುದ್ದಿ ಬಂದಾಗ ನಾವು ತಂತಿಯ ಬಗ್ಗೆ ಮಾತಾಡುತ್ತೇವೆ. ಬ್ರೇಕರಿನ ಬಗ್ಗೆಯೂ ಅಷ್ಟೇ ಮಾತಾಡಬೇಕು. ಒಣ ನೆಲದ ಮೇಲೆ, ಕಲ್ಲಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟ್ ಕೆಲವೇ ಆಂಪಿಯರ್ ಇರಬಹುದು. ಪಂಪ್‌ಸೆಟ್ಟುಗಳ ಹೊರೆಗೆ ಹೋಲಿಸಿದರೆ ಅದು ಏನೂ ಅಲ್ಲ. ಅದನ್ನು ಹಿಡಿಯಬೇಕಾದರೆ ಅರ್ತ್ ದೋಷದ ರಿಲೇ ಸೂಕ್ಷ್ಮವಾಗಿರಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ಸೆಟ್ಟಿಂಗ್ ಏರಿಸಿಬಿಡುವುದು ಸುಲಭದ ದಾರಿ. ಏಕೆ ಟ್ರಿಪ್ ಆಗುತ್ತಿದೆ ಎಂದು ಲೈನಿನುದ್ದಕ್ಕೂ ನಡೆದು ನೋಡುವುದು ಕಷ್ಟದ ದಾರಿ. ಎಷ್ಟೇ ಕಷ್ಟವಾದರೂ ನಡೆಯಲೇಬೇಕು.

ಕಾನೂನು ಇಲ್ಲಿ ನಮ್ಮ ಬೆನ್ನಿಗಿದೆ. 2003ರ ವಿದ್ಯುತ್ ಕಾಯ್ದೆಯ ಅಡಿಯಲ್ಲಿ ಕೇಂದ್ರ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದನ್ನು ಹೊಸದಾಗಿ ಹೊರಡಿಸಿತು. ನಮ್ಮ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಇದೆ. ಗಿರಣಿ ಮಾಲೀಕರಲ್ಲಿ ಕೆಲವರು ಪರಿವೀಕ್ಷಕರ ಭೇಟಿಯನ್ನು ಒಂದು ಅಡಚಣೆಯೆಂದು ಎಣಿಸುತ್ತಾರೆ. ಪರಿವೀಕ್ಷಕರು ಬರುವ ಹೊತ್ತಿಗೆ ನಾನು ಹೇಳಿದ ಮುಕ್ಕಾಲು ಭಾಗ ಮುಚ್ಚಿಹೋಗಿರುತ್ತದೆ. ಅವರಿಗೆ ತೋರಿಸಲು ಫೋಟೊಗಳೂ ದಿನಾಂಕವಿರುವ ಸಹಿಗಳೂ ನಮ್ಮಲ್ಲಿದ್ದರೆ ಅವರ ಪರಿಶೀಲನೆಗೆ ಬೆಲೆ ಬರುತ್ತದೆ.

ಚಾರ್ಜ್ ಮಾಡುವ ದಿನಕ್ಕೆ ಮುಹೂರ್ತ ಇಡುವುದು ನಮ್ಮ ಕಡೆಯ ಒಳ್ಳೆಯ ಸಂಪ್ರದಾಯ. ಯಂತ್ರಕ್ಕೆ ಕೈಮುಗಿಯುವ ಮನಸ್ಸು ಯಂತ್ರವನ್ನು ಅಲಕ್ಷಿಸಲಾರದೆಂದು ನಾನು ನಂಬಿದ್ದೇನೆ. ಆದರೆ ಸುಗ್ಗಿಗೆ ಮುಂಚೆ ಶುಕ್ರವಾರ ಬೆಳಗ್ಗೆ ಎಂದು ಮೊದಲೇ ನಿಶ್ಚಯಿಸಿ, ಆಹ್ವಾನ ಪತ್ರಿಕೆ ಹಂಚಿ, ಶಾಮಿಯಾನ ಹಾಕಿಸಿದ ಮೇಲೆ ಗುರುವಾರ ರಾತ್ರಿ ಮೆಗ್ಗರ್ ಕಡಿಮೆ ತೋರಿಸಿದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾವ ಸೂಪರ್‌ವೈಸರಿಗೆ ಬಂದೀತು? ಪರೀಕ್ಷೆಯ ಹಾಳೆಗೆ ಕೊನೆಯ ಸಹಿ ಬಿದ್ದ ಮೇಲೆಯೇ ಪುರೋಹಿತರನ್ನು ಕೇಳೋಣ. ಪಂಚಾಂಗದಲ್ಲಿ ಒಳ್ಳೆಯ ದಿನಗಳಿಗೆ ಬರವಿಲ್ಲ. ತೆಂಗಿನಕಾಯಿಯನ್ನು ಹೊಸ್ತಿಲಾಚೆ ಒಡೆಯೋಣ, ಪ್ಯಾನೆಲಿನ ಮುಂದಿನ ರಬ್ಬರ್ ಹಾಸು ಒಣಗಿಯೇ ಇರಲಿ. ಮೊದಲ ಸಲ ಬ್ರೇಕರ್ ಹಾಕುವಾಗ ಅದನ್ನು ದೂರದಿಂದ, ಕೋಣೆಯ ಹೊರಗಿನ ಬಟನ್ನಿನಿಂದ ಹಾಕೋಣ. ಅತಿಥಿಗಳೂ ಫೋಟೊ ತೆಗೆಯುವವರೂ ಆ ಒಂದು ಗಳಿಗೆ ಹೊರಗಿರಲಿ. ಹೊಸ ಜೋಡಣೆಯಲ್ಲಿ ಎಲ್ಲೋ ಮರೆತ ಒಂದು ಸ್ಪ್ಯಾನರ್, ತೆಗೆಯದ ಒಂದು ಅರ್ತ್ ತಂತಿ ಇದ್ದರೆ ಅದು ಗೊತ್ತಾಗುವುದು ಆಗಲೇ.

ನನ್ನ ಒಂದು ಕೋರಿಕೆಯಿದೆ. ಈ ಪಟ್ಟಿಯ ಎರಡೂ ತುದಿಗೆ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳಿದ್ದಾರೆ. ಅರ್ತ್ ಟೆಸ್ಟರುಗಳು ಪ್ರಯೋಗಶಾಲೆಗಳಲ್ಲಿ ಇವೆ. ಬರುವ ಏಪ್ರಿಲಿನಲ್ಲಿ, ನೆಲ ಪೂರ್ತಿ ಒಣಗಿ ಬಿರಿದಿರುವಾಗ, ದಾವಣಗೆರೆ–ಹರಿಹರ ರಸ್ತೆಯ ಗಿರಣಿಗಳ ಅರ್ತ್ ಪಿಟ್ಟುಗಳನ್ನು ವಿದ್ಯಾರ್ಥಿಗಳು ಅಧ್ಯಾಪಕರ ಜೊತೆಗೂಡಿ ಅಳೆಯಲಿ. ಗುಂಡಿಯಿಂದ ನೇರ ಸಾಲಿನಲ್ಲಿ ಎರಡು ಕಡ್ಡಿ ನೆಟ್ಟು ಅಳೆದರೆ ಒಂದು ಪಿಟ್ಟಿಗೆ ಅರ್ಧ ಗಂಟೆ ಸಾಕು. ನಾಲೆಗೆ ನೀರು ಬಂದ ಮೇಲೆ ಅದೇ ಪಿಟ್ಟುಗಳನ್ನು ಮತ್ತೊಮ್ಮೆ ಅಳೆದು ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆಯಲಿ. ಮಾಲೀಕರ ಹೆಸರು ಬೇಡ, ಮಣ್ಣಿನ ಬಗೆ ಮತ್ತು ಅಂಕಿ ಸಾಕು. ಇಲ್ಲಿ ಮುಂದೆ ಸ್ವಿಚ್‌ಗೇರ್ ಕೂರಿಸುವ ಪ್ರತಿಯೊಬ್ಬರಿಗೂ ಅದು ಉಪಯೋಗಕ್ಕೆ ಬರುತ್ತದೆ. ಗೇಟು ತೆರೆಯಲು ಒಪ್ಪುವ ಮಾಲೀಕರು ಸಭೆ ಮುಗಿದ ಮೇಲೆ ವಿದ್ಯುತ್ ವಿಭಾಗದ ಅಧ್ಯಾಪಕರಲ್ಲಿ ತಮ್ಮ ಗಿರಣಿಯ ಹೆಸರು ಬರೆಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.